ಟ್ರೈಲರಿನ ಅಚ್ಚು ಮತ್ತು ಬ್ರೇಕು: ದೋಷ ಕಂಡಾಗ ಮಾಲೀಕರು ಮಾಡಬೇಕಾದುದೇನು?

(ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಟ್ರ್ಯಾಕ್ಟರ್ ಮಾಲೀಕ ರೈತರ ತರಬೇತಿಯಲ್ಲಿ ಮಾಡಿದ ಭಾಷಣ)



ಟ್ರ್ಯಾಕ್ಟರ್ ಕೊಳ್ಳುವಾಗ ನಾವು ಹತ್ತು ಜನರನ್ನು ವಿಚಾರಿಸುತ್ತೇವೆ. ಅಶ್ವಶಕ್ತಿ ಎಷ್ಟು, ಡೀಸೆಲ್ ಎಷ್ಟು ಕುಡಿಯುತ್ತದೆ, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದೆಲ್ಲಾ ಕೇಳುತ್ತೇವೆ. ಅದರ ಹಿಂದೆ ಕಟ್ಟುವ ಟ್ರೈಲರನ್ನು ಮಾತ್ರ ಬಣ್ಣ ನೋಡಿ ಕೊಂಡು ತರುತ್ತೇವೆ. ಪಿರಿಯಾಪಟ್ಟಣದ ತಂಬಾಕು, ಕೋಟೆಯ ಕಡೆಯ ಶುಂಠಿ, ಕೃಷ್ಣರಾಜನಗರದ ಭತ್ತ, ಕಬ್ಬು, ಹುಣಸೂರಿನ ಮುಸುಕಿನಜೋಳ, ಗೊಬ್ಬರ, ಸೌದೆ ಎಲ್ಲವೂ ಸಾಗುವುದು ಈ ಟ್ರೈಲರಿನಲ್ಲಿ. ಭಾರವನ್ನೆಲ್ಲಾ ಹೊರುವುದು ಅದರ ಅಚ್ಚು, ತಡೆಯಬೇಕಾದುದು ಬ್ರೇಕು. ಈ ಎರಡರ ದೋಷವನ್ನು ಗುರುತಿಸುವುದು ಹೇಗೆ, ದೋಷವಿದ್ದರೆ ಪರಿಹಾರ ಪಡೆಯುವುದು ಹೇಗೆ ಎಂಬುದೇ ಇಂದಿನ ವಿಷಯ.

ಮೊದಲು ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ. ಪಿರಿಯಾಪಟ್ಟಣದ ಕಡೆಯ ರೈತರೊಬ್ಬರು ಬ್ಯಾಂಕ್ ಸಾಲದಲ್ಲಿ ಟ್ರೈಲರ್ ಕೊಂಡರು. ತಂಬಾಕಿನ ಬೇಲು ಹೇರಿಕೊಂಡು ಹರಾಜು ಕಟ್ಟೆಗೆ ಹೋಗುವಾಗ ಎಡಚಕ್ರ ಅಚ್ಚಿನ ತುದಿಯ ಸಮೇತ ಕಳಚಿ ಬಿತ್ತು. ಹರಾಜಿನ ದಿನ ತಪ್ಪಬಾರದೆಂದು ಆ ರಾತ್ರಿಯೇ ಊರಿನ ಕಮ್ಮಟದಲ್ಲಿ ಬೆಸುಗೆ ಹಾಕಿಸಿದರು. ತಿಂಗಳೊಳಗೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯಿತು. ಹೊಸ ಅಚ್ಚು ಹಾಕಿಸಿ, ಹಳೆಯದನ್ನು ಗುಜರಿಗೆ ಕೊಟ್ಟರು. ಆಮೇಲೆ ಮಾರಿದವರ ಬಳಿ ನ್ಯಾಯ ಕೇಳಲು ಹೋದಾಗ ಅವರು ಕೇಳಿದ ಪ್ರಶ್ನೆ ಮೂರೇ: “ಬಿಲ್ಲು ಎಲ್ಲಿ? ಮುರಿದ ತುಂಡು ಎಲ್ಲಿ? ಎಷ್ಟು ಭಾರ ಹೇರಿದ್ದಿರಿ?” ಮೂರಕ್ಕೂ ಉತ್ತರವಿರಲಿಲ್ಲ. ಬಾಡಿಗೆ ಲಾರಿಯ ಹಣ, ರಿಪೇರಿಯ ಹಣ, ಸಾಲದ ಕಂತು ಎಲ್ಲವೂ ಅವರ ತಲೆಯ ಮೇಲೇ ಉಳಿಯಿತು. ದೋಷ ನಿಜವಾಗಿ ಯಾರದೆಂದು ಹೇಳಬಲ್ಲ ಸಾಕ್ಷಿ ಗುಜರಿ ಅಂಗಡಿಯಲ್ಲಿ ಕರಗಿಹೋಗಿತ್ತು. ಈ ಪ್ರಸಂಗದಿಂದಲೇ ನಾನು ಈ ಭಾಷಣಕ್ಕೆ ಹೊರಟೆ ಎನ್ನಬಹುದು.

ಈಗ ಅಚ್ಚಿನ ವಿಚಾರ. ಟ್ರೈಲರಿನ ಅಚ್ಚು ಸಾಮಾನ್ಯವಾಗಿ ಚೌಕಾಕಾರದ ಉಕ್ಕಿನ ದಿಂಡು. ಅದರ ಎರಡು ತುದಿಗಳನ್ನು ಲೇತಿನಲ್ಲಿ ಗುಂಡಗೆ ಕಡೆದು ಬೇರಿಂಗ್ ಕೂರಿಸಿರುತ್ತಾರೆ. ಚೌಕ ಭಾಗ ಗುಂಡಗಾಗುವ ಜಾಗದಲ್ಲಿ ಮೂಲೆ ಚೂಪಾಗಿದ್ದರೆ ಒತ್ತಡವೆಲ್ಲಾ ಅಲ್ಲಿ ಸೇರುತ್ತದೆ. ಹಳ್ಳದಿಣ್ಣೆಯ ರಸ್ತೆಯಲ್ಲಿ ಸಾವಿರಾರು ಸಲ ಕುಲುಕಿದ ಮೇಲೆ ಅಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ, ದಿನದಿನಕ್ಕೆ ಒಳಗೆ ಬೆಳೆದು, ಒಂದು ದಿನ ಮುರಿಯುತ್ತದೆ. ಆದುದರಿಂದ ಆ ಮೂಲೆ ನುಣುಪಾಗಿ ಬಳುಕಿದಂತೆ ಕಡೆದಿರಬೇಕು. ತುಂಡು ಅಚ್ಚನ್ನು ಕೊಳವೆಗೆ ಬೆಸೆದು ಮಾಡಿದ್ದರೆ ಬೆಸುಗೆಯ ಅಂಚನ್ನು ಪರೀಕ್ಷಿಸಬೇಕು.

ಮುರಿದ ಮುಖವನ್ನು ನೋಡಿದರೆ ಅದು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಒಂದು ಭಾಗ ನುಣುಪಾಗಿ, ಕಪ್ಪಗೆ ಅಥವಾ ತುಕ್ಕು ಹಿಡಿದು, ಉಳಿದ ಭಾಗ ಹೊಳೆಯುವ ಹರಳಿನಂತೆ ಒರಟಾಗಿದ್ದರೆ ಬಿರುಕು ಬಹಳ ದಿನದಿಂದ ಇತ್ತೆಂದು ತಿಳಿಯಬೇಕು. ಅಚ್ಚು ಬಿಲ್ಲಿನಂತೆ ಬಗ್ಗಿದ್ದರೆ ಮಿತಿಮೀರಿದ ಭಾರವನ್ನು ಸಂಶಯಿಸಬೇಕು. ಬಹುಕಾಲ ಹೆಚ್ಚು ಭಾರ ಹೇರಿದರೂ ಹಳೆಯ ಬಿರುಕು ಹುಟ್ಟಬಹುದಾದ್ದರಿಂದ ಕೊನೆಯ ತೀರ್ಮಾನ ಪ್ರಯೋಗಾಲಯದ್ದು. ಆದರೆ ತುಂಡೇ ಇಲ್ಲದಿದ್ದರೆ ಪ್ರಯೋಗಾಲಯ ತಾನೇ ಏನು ಮಾಡೀತು?

ಮುರಿದ ಅಚ್ಚಿಗೆ ಬೆಸುಗೆ ಹಾಕಿಸಿ ಓಡಿಸುವುದು ಅಪಾಯಕರ. ಅಚ್ಚಿನ ಉಕ್ಕನ್ನು ಸರಿಯಾಗಿ ಕಾಯಿಸದೆ ಬೆಸೆದರೆ ಬೆಸುಗೆಯ ಪಕ್ಕದ ಲೋಹ ಪೆಡಸಾಗಿ ಗಾಜಿನಂತೆ ಒಡೆಯುತ್ತದೆ. ಮೇಲೆ ಹೇಳಿದ ರೈತರ ಅಚ್ಚು ಎರಡನೆಯ ಸಲ ಬೆಸುಗೆಯ ಪಕ್ಕದಲ್ಲೇ ಮುರಿದುದು ಆಶ್ಚರ್ಯವಲ್ಲ.

ಹಂಗಾಮಿಗೆ ಮೊದಲು ಪ್ರತಿ ಚಕ್ರವನ್ನೂ ಜಾಕ್ ಹಾಕಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿ ನೋಡಿ. ಲೊಟಲೊಟ ಎಂದರೆ ಬೇರಿಂಗ್ ಸಡಿಲವಾಗಿದೆ ಅಥವಾ ಸವೆದಿದೆ. ನಟ್ಟು ಬಿಚ್ಚಿಕೊಳ್ಳದಂತೆ ಹಾಕುವ ಕಾಟರ್ ಪಿನ್ನಿನ ಬದಲು ಮೊಳೆ, ತಂತಿ ಸೇರಿಸಬೇಡಿ. ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಹಬ್ಬಿನ ಹತ್ತಿರ ಕೈ ಹಿಡಿದು ನೋಡಿ. ಒಂದು ಕಡೆ ಮಾತ್ರ ಸುಡುವಷ್ಟು ಬಿಸಿಯಾಗಿದ್ದರೆ ಗ್ರೀಸ್ ಇಲ್ಲ, ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕು ಹಿಡಿದುಕೊಂಡಿದೆ. ಟೈರು ಒಂದೇ ಅಂಚಿನಲ್ಲಿ ಸವೆಯುತ್ತಿದ್ದರೆ ಅಚ್ಚು ಬಗ್ಗಿದೆ ಅಥವಾ ಪಟ್ಟಾ ಬಿಗಿಯುವ ಯು ಬೋಲ್ಟು ಸಡಿಲಗೊಂಡು ಅಚ್ಚು ಜರುಗಿದೆ.

ಇನ್ನು ಬ್ರೇಕು. ನಮ್ಮಲ್ಲಿ ಸಾಮಾನ್ಯವಾದ ಟ್ರ್ಯಾಕ್ಟರ್ ಸುಮಾರು 2 ಟನ್ ತೂಗುತ್ತದೆ. ತುಂಬಿದ ಟ್ರೈಲರ್ 5 ಟನ್ ದಾಟುತ್ತದೆ. ಟ್ರ್ಯಾಕ್ಟರಿನ ಬ್ರೇಕು ಹಿಡಿಯುವುದು ಅದರ ಹಿಂದಿನ ಚಕ್ರಗಳನ್ನು ಮಾತ್ರ. ಟ್ರೈಲರಿಗೆ ತನ್ನದೇ ಬ್ರೇಕು ಇಲ್ಲದಿದ್ದರೆ ಇಳಿಜಾರಿನಲ್ಲಿ ಹಿಂದಿನ ಭಾರ ಟ್ರ್ಯಾಕ್ಟರನ್ನು ತಳ್ಳಿ, ಚಾಕು ಮಡಿಸಿದಂತೆ ಮಡಚಿ ಉರುಳಿಸುತ್ತದೆ. ಮೇಲೆ ಕೂಲಿಯಾಳುಗಳು ಕುಳಿತಿದ್ದರೆ ಆಗುವ ಅನಾಹುತವನ್ನು ನಾನು ಹೇಳಬೇಕಾಗಿಲ್ಲ. ಟ್ರೈಲರಿನಲ್ಲಿ ಜನರನ್ನು ಕೂರಿಸಲೇಬಾರದು.

ಹಿಂದಿನಿಂದ ತಳ್ಳು ಬಿದ್ದಾಗ ಮೂಕಿಯ ಕೊಳವೆ ಒಳಸರಿದು ತಾನಾಗಿ ಬ್ರೇಕು ಹಿಡಿಯುವ ಏರ್ಪಾಡು ಕೆಲವು ಟ್ರೈಲರುಗಳಲ್ಲಿದೆ. ಟ್ರ್ಯಾಕ್ಟರಿನಿಂದ ಎಣ್ಣೆಯ ಅಥವಾ ಗಾಳಿಯ ಒತ್ತಡ ಪಡೆಯುವವೂ ಇವೆ. ಮೊದಲನೆಯದರಲ್ಲಿ ಕೊಳವೆಗೆ ತುಕ್ಕು ಹಿಡಿಯುವುದು, ತಂತಿ ಬಿಗಿದುಕೊಳ್ಳುವುದು ಸಾಮಾನ್ಯ ದೋಷ. ಯಾವುದೇ ಬಗೆಯಾದರೂ ಹಬ್ಬಿನ ಸೀಲು ಹೋಗಿ ಗ್ರೀಸು ಲೈನಿಂಗಿಗೆ ತಾಗಿದರೆ ಆ ಚಕ್ರ ಹಿಡಿಯುವುದಿಲ್ಲ. ಬ್ರೇಕು ಒಂದೇ ಕಡೆಗೆ ಎಳೆಯುತ್ತದೆ. ಖಾಲಿ ಟ್ರೈಲರನ್ನು ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ಓಡಿಸಿ ಬ್ರೇಕು ಹಾಕಿದರೆ ಎರಡೂ ಕಡೆ ಸಮನಾಗಿ ಹಿಡಿಯುತ್ತದೋ ಇಲ್ಲವೋ ತಿಳಿಯುತ್ತದೆ. ರಸ್ತೆಗಿಳಿಯುವ ಮೊದಲು ಟ್ರ್ಯಾಕ್ಟರಿನ ಎಡ ಬಲ ಪೆಡಲುಗಳಿಗೆ ಕೊಂಡಿ ಹಾಕಿ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಿರಿ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸಲು ಹೋಗಬೇಡಿ.

ಇಷ್ಟೆಲ್ಲಾ ಜಾಗ್ರತೆ ವಹಿಸಿದರೂ ತಯಾರಿಕೆಯ ದೋಷದಿಂದ ಅಚ್ಚು ಮುರಿದರೆ ಅಥವಾ ಬ್ರೇಕು ಕೈಕೊಟ್ಟರೆ ಏನು ಮಾಡಬೇಕು?

ಒಂದನೆಯದಾಗಿ, ಕಳಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಇಡೀ ಟ್ರೈಲರು, ಮುರಿದ ಜಾಗ, ತಯಾರಕರ ಸಂಖ್ಯಾಫಲಕ, ಹೇರಿದ್ದ ಸರಕು ಎಲ್ಲವೂ ಇರಲಿ. ತೂಕದ ಚೀಟಿ ಜೋಪಾನ. ಮುರಿದ ತುಂಡುಗಳ ಮುಖವನ್ನು ಉಜ್ಜಬೇಡಿ, ಒಂದಕ್ಕೊಂದು ಕೂಡಿಸಿ ನೋಡಬೇಡಿ. ಒಣಗಿದ ಜಾಗದಲ್ಲಿ ಪ್ಲಾಸ್ಟಿಕ್ ಸುತ್ತಿ ಇಡಿ. ತುರ್ತಾಗಿ ಬೇರೆ ಅಚ್ಚು ಹಾಕಿಸಬೇಕಾದರೆ ಹಾಕಿಸಿ. ಹಳೆಯದು ಮನೆಯಲ್ಲೇ ಇರಲಿ.

ಎರಡನೆಯದಾಗಿ, ಮಾರಿದವರಿಗೂ ತಯಾರಿಸಿದವರಿಗೂ ಲಿಖಿತ ದೂರು ಕೊಡಿ. ಅಂಚೆಯಲ್ಲಿ ಸ್ವೀಕೃತಿ ಬರುವಂತೆ ಕಳುಹಿಸಿ, ನಕಲು ಇಟ್ಟುಕೊಳ್ಳಿ. ಬಾಯಿಮಾತಿನ ಭರವಸೆಗೆ ಸಾಕ್ಷಿಯಿಲ್ಲ.

ಮೂರನೆಯದಾಗಿ, ಅವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈನಲ್ಲಿ ಜಾರಿಗೆ ಬಂದಿದೆ. ಅದರಂತೆ ತಯಾರಕರು ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ದೋಷವನ್ನು ಪರೀಕ್ಷೆಯಿಲ್ಲದೆ ತೀರ್ಮಾನಿಸಲಾಗದಿದ್ದರೆ ಆಯೋಗವೇ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಆದರೆ ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ಹೋಗಬೇಕು. “ಮುಂದಿನ ಹಂಗಾಮು ಕಳೆಯಲಿ” ಎಂದು ಎರಡು ಸಲ ಹೇಳುವಷ್ಟರಲ್ಲಿ ಈ ಅವಧಿ ಮುಗಿದಿರುತ್ತದೆ.

“ರೈತ ಗ್ರಾಹಕನೇ? ಅವನು ವ್ಯಾಪಾರಕ್ಕಾಗಿ ಕೊಂಡದ್ದಲ್ಲವೇ?” ಎಂದು ಎದುರು ಪಕ್ಷದವರು ಕೇಳುವುದುಂಟು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಕೊಂಡ ವಸ್ತುವನ್ನು ವಾಣಿಜ್ಯ ಉದ್ದೇಶವೆಂದು ಎಣಿಸಬಾರದೆಂದು ಕಾಯಿದೆಯೇ ಹೇಳುತ್ತದೆ. ದೋಷಪೂರಿತ ಬಿತ್ತನೆ ಬೀಜದ ಪ್ರಕರಣದಲ್ಲಿ ರೈತರು ಗ್ರಾಹಕರೇ ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ತೀರ್ಪು ಕೊಟ್ಟಿದೆ.

ನಾಲ್ಕನೆಯದು ಬಹಳ ಮುಖ್ಯ. ಒಂದೇ ಕಡೆ ತಯಾರಾದ ಟ್ರೈಲರುಗಳಲ್ಲಿ ಒಂದೇ ಜಾಗದಲ್ಲಿ ಬಿರುಕು ಕಂಡರೆ ಅದನ್ನು ಒಬ್ಬ ರೈತನ ಓಡಿಸುವ ತಪ್ಪೆಂದು ತಳ್ಳಿಹಾಕುವುದು ಕಷ್ಟ. ಹಾಗಾಗಿ ಅಕ್ಕಪಕ್ಕದ ಊರಿನಲ್ಲಿ ವಿಚಾರಿಸಿ. ಒಂದೇ ಬಗೆಯ ತೊಂದರೆಗೆ ಸಿಕ್ಕಿದವರು ಆಯೋಗದ ಅನುಮತಿ ಪಡೆದು ಕೂಡಿ ದೂರು ಕೊಡಲು ಕಾಯಿದೆಯಲ್ಲಿ ಅವಕಾಶವಿದೆ. ಜನರ ಪ್ರಾಣಕ್ಕೆ ಅಪಾಯವಿದ್ದರೆ ಜಿಲ್ಲಾಧಿಕಾರಿಯವರಿಗೂ ಬರೆದುಕೊಳ್ಳಬಹುದು. ಅಪಾಯಕಾರಿ ವಸ್ತುಗಳನ್ನು ಹಿಂದಕ್ಕೆ ಪಡೆಯುವಂತೆ ಆದೇಶಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಅರ್ಜಿ ಬರೆಯಲು ತೊಡಕಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ನಿಗದಿತ ಮಿತಿಗಿಂತ ಕಡಿಮೆ ವರಮಾನದವರಿಗೆ ಉಚಿತ ನೆರವು ದೊರೆಯುತ್ತದೆ. ಅದರ ಸಹಾಯವಾಣಿ 15100.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ಬಿನ್ನಹ. ಬೆಳೆಯ ರೋಗವನ್ನು ಊರೂರಿನಲ್ಲಿ ಗುರುತು ಹಾಕಿಕೊಳ್ಳುವಂತೆ, ಟ್ರೈಲರಿನ ದೋಷವನ್ನೂ ನಿಮ್ಮ ದಿನಚರಿಯಲ್ಲಿ ಬರೆದುಕೊಳ್ಳಿ. ಒಬ್ಬ ರೈತನಿಗೆ ಕಾಣದ ಸಂಬಂಧ ನಾಲ್ಕು ಊರು ತಿರುಗುವ ನಿಮಗೆ ಕಾಣುತ್ತದೆ.

ನಮ್ಮ ಕಡೆಯಿಂದಲೂ ತಪ್ಪಿರಬಾರದು. ಟ್ರೈಲರು ಕಾನೂನಿನ ದೃಷ್ಟಿಯಲ್ಲಿ ಒಂದು ಮೋಟಾರು ವಾಹನವೇ. ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು, ವಿಮೆ ಬೇಕು. ಹುಣಸೂರಿನ ಸಾರಿಗೆ ಕಚೇರಿಯಲ್ಲಿ ಟ್ರ್ಯಾಕ್ಟರನ್ನು ಮಾತ್ರ ನೋಂದಾಯಿಸಿ ಬಂದರೆ ಅರ್ಧ ಕೆಲಸ ಆದಂತೆ. ಚಿಕ್ಕ ಕಮ್ಮಟದಲ್ಲಿ ಮಾಡಿಸಿದರೂ ಅಚ್ಚು ಹೊಸದೋ ಹಳೆಯ ಲಾರಿಯದೋ, ಎಷ್ಟು ಟನ್ನಿಗೆ ಮಾಡಿದ್ದು ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆದಷ್ಟೇ ಭಾರ ಹೇರಿ. ಮಿತಿಮೀರಿ ಹೇರಿದವನ ದೂರು ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ.

ಎತ್ತಿನ ಗಾಡಿಯ ಕಾಲದಲ್ಲಿ ನಮ್ಮ ಹಿರಿಯರು ಹೊರಡುವ ಮುನ್ನ ಕಡಾಣಿ ಮುಟ್ಟಿ ನೋಡಿ, ಅಚ್ಚಿಗೆ ಕೀಲೆಣ್ಣೆ ಬಿಡುತ್ತಿದ್ದರು. ಗಾಡಿ ದೊಡ್ಡದಾಯಿತೆಂದು ಆ ಅಭ್ಯಾಸ ಬಿಡಬಾರದು. ಇಂದು ಮನೆಗೆ ಹೋದವರು ಎರಡು ಕೆಲಸ ಮಾಡಿ: ಟ್ರೈಲರಿನ ಬಿಲ್ಲು ಎಲ್ಲಿದೆಯೆಂದು ಹುಡುಕಿ ಇಡಿ, ಜಾಕ್ ಹಾಕಿ ಎರಡೂ ಚಕ್ರ ಅಲುಗಿಸಿ ನೋಡಿ. ಇಷ್ಟು ಮಾಡಿದರೆ ನಾನು ಇಲ್ಲಿಗೆ ಬಂದುದು ಸಾರ್ಥಕ.