ಶಬ್ದದ ಅರ್ಥ, ರುಜುವಿನ ಬೆಲೆ



ನಾವು ಬ್ಯಾಂಕಿನ ಗುಮಾಸ್ತರು, ಸಾಹಿತಿಗಳಲ್ಲ. ಓದಿದ್ದು ಬಿ.ಕಾಂ. ಆದುದರಿಂದ ಲೆಕ್ಕದ ಮೇಜಿನ ಬಳಿ ಕಲಿತ ಒಂದೆರಡು ಮಾತುಗಳನ್ನು ಮಾತ್ರ ಈ ರಾಜ್ಯೋತ್ಸವದ ಸಮಯದಲ್ಲಿ ತಮ್ಮ ಮುಂದಿಡುತ್ತೇವೆ.

ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ನೆಲಸಿರುವ ನಮ್ಮ ಮನೆಗಳಲ್ಲಿ ಅಡಿಗೆಮನೆಗೆ ಕನ್ನಡ, ಪೇಟೆಗೆ ಗುಜರಾತಿ, ಕಾಗದಪತ್ರಕ್ಕೆ ಇಂಗ್ಲಿಷು. ಮಕ್ಕಳು ದಿನಕ್ಕೆ ಹತ್ತು ಕಠಿಣ ಇಂಗ್ಲಿಷು ಶಬ್ದಗಳನ್ನು ಬಾಯಿಪಾಠ ಮಾಡುತ್ತಾರೆ. ಸಂತೋಷವೇ. ಆದರೆ ಶಬ್ದವು ಬಾಯಿಗೆ ಬಂದರೆ ಸಾಲದು. ಅದರ ಅರ್ಥದ ಎಲ್ಲೆಯೂ ತಿಳಿಯಬೇಕು.

ನಮ್ಮವರೇ ಒಬ್ಬರು ಗೆಳೆಯನ ಸಾಲಪತ್ರಕ್ಕೆ ರುಜು ಹಾಕಿದರು. ಅಲ್ಲಿ ‘ಗ್ಯಾರಂಟರ್’ ಎಂದು ಅಚ್ಚಾಗಿತ್ತು. ಸಾಕ್ಷಿಯೆಂದು ಅವರು ಭಾವಿಸಿದರು. ನಾವು ಜೊತೆಯಲ್ಲೇ ಇದ್ದೆವು. ‘ಗೊತ್ತಲ್ಲವೇ?’ ಎಂದೆವು, ಅವರು ತಲೆಯಾಡಿಸಿದರು, ನಾವು ಸುಮ್ಮನಾದೆವು. ಗೆಳೆಯನು ಕಂತು ನಿಲ್ಲಿಸಿದ ಮೇಲೆ, ಮಗಳ ಮದುವೆಗೆಂದು ಇವರು ಕೂಡಿಟ್ಟ ಹಣವು ಆ ಸಾಲಕ್ಕೆ ಹೋಯಿತು. ಆ ದಿನದ ನಮ್ಮ ಮೌನವನ್ನು ನಾವು ಇನ್ನೂ ಮರೆತಿಲ್ಲ.

ಸಾಕ್ಷಿ ಎಂದರೆ ರುಜು ಹಾಕಿದ್ದನ್ನು ಕಂಡವನು. ಗ್ಯಾರಂಟರ್ ಎಂದರೆ, ಸಾಲಗಾರನು ತೀರಿಸದಿದ್ದರೆ ತಾನು ತೀರಿಸುವೆನೆಂದು ಒಪ್ಪಿದವನು. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ಹೇಳಿರದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ‘ಜಾಮೀನು’ ಎಂದಿದ್ದರೆ ಅವರು ನಾಲ್ಕು ಸಲ ಯೋಚಿಸುತ್ತಿದ್ದರು. ಗುಜರಾತಿಯಲ್ಲೂ ಅದು ‘ಜಾಮೀನ್’ ಎಂದೇ. ಎರಡು ಭಾಷೆಗಳಲ್ಲಿ ಬಲ್ಲ ಮಾತು ಮೂರನೆಯದರಲ್ಲಿ ಮೋಸಮಾಡಿತು!

ಇನ್ನೊಂದು ಉದಾಹರಣೆ. ನಾವು ‘ಅಡವು’ ಎಂದು ಒಂದೇ ಮಾತಿನಲ್ಲಿ ಮುಗಿಸುವುದನ್ನು ಬ್ಯಾಂಕು ಮೂರಾಗಿ ಬಿಡಿಸುತ್ತದೆ. ಮನೆ, ಜಮೀನುಗಳ ಮೇಲಿನದು ಮಾರ್ಟ್‌ಗೇಜ್. ಒಡವೆಯನ್ನು ಬ್ಯಾಂಕಿನ ವಶಕ್ಕೆ ಕೊಟ್ಟರೆ ಪ್ಲೆಜ್. ವಾಹನವನ್ನು ನಮ್ಮಲ್ಲೇ ಇರಿಸಿಕೊಂಡು ಅದರ ಮೇಲೆ ಹಕ್ಕು ಕೊಟ್ಟರೆ ಹೈಪಾಥಿಕೇಷನ್.

ಅರ್ಥವನ್ನು ಬಿಡಿಸಿ ಬರೆಯುವ ಕೆಲಸ ಸಣ್ಣದಲ್ಲ. ಸೂರತ್ತಿನ ಕವಿ ನರ್ಮದರ ‘ನರ್ಮಕೋಶ’ 1873ರಲ್ಲಿ ಹೊರಬಂದು, ಗುಜರಾತಿ ಶಬ್ದಗಳಿಗೆ ಗುಜರಾತಿಯಲ್ಲೇ ಅರ್ಥ ಹೇಳಿತು. ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನು ಪ್ರಕಟಿಸಿತು. ಹಿರಿಯರು ಇಷ್ಟು ಮಾಡಿಟ್ಟಿರುವಾಗ ಪುಟ ತೆರೆಯುವ ಶ್ರಮವಾದರೂ ನಮ್ಮದಾಗಬೇಡವೇ?

ನಮ್ಮ ಸೂಚನೆ ಇಷ್ಟೆ. ದಿನಕ್ಕೆ ಹತ್ತು ಬೇಡ, ಒಂದೇ ಶಬ್ದ ಸಾಕು. ಮಗುವು ಅದರ ಅರ್ಥವಿವರಣೆಯನ್ನು ಇಂಗ್ಲಿಷಿನಲ್ಲಿ ಓದಲಿ. ಒಂದು ಸ್ವಂತ ವಾಕ್ಯ ಮಾಡಲಿ. ರಾತ್ರಿ ಊಟದ ಹೊತ್ತಿಗೆ ಅಜ್ಜಿಗೆ ಅದನ್ನು ಕನ್ನಡದಲ್ಲಿ ತಿಳಿಸಿಹೇಳಲಿ. ಅಜ್ಜಿಗೆ ಅರ್ಥವಾದರೆ ಮಗುವಿಗೂ ಅರ್ಥವಾಯಿತೆಂದೇ ತಿಳಿಯಿರಿ. ಹೀಗೆ ಇಂಗ್ಲಿಷೂ ಬೆಳೆಯುತ್ತದೆ, ಮನೆಯ ಕನ್ನಡವೂ ಉಳಿಯುತ್ತದೆ.

ದೊಡ್ಡವರಿಗೂ ಒಂದು ಮಾತು: ಅರ್ಥ ತಿಳಿಯದ ಕಾಗದಕ್ಕೆ ರುಜು ಹಾಕಬೇಡಿ. ಕೇಳುವುದಕ್ಕೆ ನಾಚಿಕೆಯೂ ಬೇಡ. ನಮ್ಮನ್ನು ಕೇಳಿದರೆ, ಈ ಸಲ ನಾವು ಸುಮ್ಮನಿರುವುದಿಲ್ಲ.