ಹಾಡುವ ಗೆರೆ

(ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ದಿನವಿಡೀ ಜಮಾ ಖರ್ಚಿನ ಅಂಕೆಗಳ ನಡುವೆ ಕುಳಿತಿರುವ ಬ್ಯಾಂಕಿನ ಗುಮಾಸ್ತನೊಬ್ಬ ಚಿತ್ರಕಲೆಯ ಮಾತೆತ್ತಿದರೆ, ಇವನಿಗೇಕೆ ಈ ಉಸಾಬರಿ ಎಂದು ನಿಮಗೆ ಅನ್ನಿಸೀತು. ನಾನು ಓದಿದ್ದು ಬಿ.ಕಾಂ.; ಕಲಾವಿಮರ್ಶೆಯ ಅಧಿಕಾರ ನನಗಿಲ್ಲ. ಆದರೆ ಮುಂಬಯಿಯಲ್ಲಿ ಬಾಳಿದ ಕನ್ನಡಿಗರೊಬ್ಬರನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾದಾಗ ನನಗೆ ಹೊಳೆದ ಹೆಸರು ಒಂದೇ: ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು.

ಅವರು ಹುಟ್ಟಿದ್ದು 1911ರಲ್ಲಿ, ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ. ತಂದೆ ಮಣ್ಣಿನ ಗಣಪತಿಯ ಮೂರ್ತಿಗಳನ್ನು ಮಾಡುತ್ತಿದ್ದವರು. ಹಸಿಮಣ್ಣು ಬೆರಳ ತುದಿಯಲ್ಲಿ ದೇವರಾಗುವುದನ್ನು ಕಂಡ ಹುಡುಗನಿಗೆ ಕಲೆ ಪುಸ್ತಕದ ವಿಷಯವಾಗಿರಲಿಲ್ಲ. ಮನೆಯ ಕೆಲಸವೇ ಆಗಿತ್ತು. ಮೈಸೂರಿನಲ್ಲಿ ಕೆಲಕಾಲ ಕಲಿತು ಮುಂಬಯಿಗೆ ಬಂದ ಅವರು 1938ರಲ್ಲಿ ಸರ್ ಜೆ.ಜೆ. ಕಲಾಶಾಲೆಯ ಡಿಪ್ಲೊಮಾ ಪಡೆದರು. ಮುಂದೆ ಅಲ್ಲಿಯೇ ಅಧ್ಯಾಪಕರಾದರು.

ಕಂಡದ್ದನ್ನು ಬೆಳಕು ನೆರಳುಗಳೊಡನೆ ಕಂಡಂತೆಯೇ ಬರೆಯುವ ಯುರೋಪಿನ ಪದ್ಧತಿ ಅವರಿಗೆ ಕೈವಶವಾಗಿತ್ತು. ಬೇರೆಯವರಾಗಿದ್ದರೆ ಅಷ್ಟರಲ್ಲೇ ತೃಪ್ತರಾಗಿ ಜೀವನ ಸಾಗಿಸುತ್ತಿದ್ದರು. ಹೆಬ್ಬಾರರು ಹಾಗೆ ಮಾಡಲಿಲ್ಲ. ಜೈನ ಹಸ್ತಪ್ರತಿಗಳ ಚಿತ್ರಗಳನ್ನು, ರಜಪೂತ ಮತ್ತು ಮೊಗಲ ಶೈಲಿಗಳನ್ನು, ಅಜಂತೆಯ ಗೋಡೆಗಳನ್ನು ಶಿಷ್ಯನಂತೆ ನೋಡಿದರು. ಅಮೃತಾ ಶೇರ್‌ಗಿಲ್ ಅವರ ಕೃತಿಗಳಿಂದ ಸ್ಫೂರ್ತಿ ಪಡೆದರು. ಕೇರಳಕ್ಕೆ ಹೋಗಿ ಅಲ್ಲಿಯ ನೆಲ, ಜನ, ಬಿಸಿಲುಗಳನ್ನು ಹೊಸ ಬಣ್ಣಗಳಲ್ಲಿ ಬರೆದರು. ಅಷ್ಟಾದ ಮೇಲೆ, 1949ರಲ್ಲಿ, ತಮ್ಮ 38ನೆಯ ವಯಸ್ಸಿನಲ್ಲಿ, ಪಾಠ ಹೇಳಿದ್ದ ಈ ಗುರು ಪ್ಯಾರಿಸಿನ ಜೂಲಿಯನ್ ಅಕಾಡೆಮಿಯಲ್ಲಿ ಮತ್ತೆ ವಿದ್ಯಾರ್ಥಿಯಾದರು!

ಈ 38 ಎಂಬ ಅಂಕೆ ನನ್ನನ್ನು ಬಿಡದೆ ಕಾಡಿದೆ. ನನಗೀಗ 36. ಬ್ಯಾಂಕಿಗೆ ಸೇರಿದ ವರ್ಷ ನನ್ನ ಬಣ್ಣದ ಪೆಟ್ಟಿಗೆಯನ್ನು ಕಪಾಟಿನ ಮೇಲೆ ಎತ್ತಿಟ್ಟೆ. ಕಳೆದ ಮಳೆಗಾಲದಲ್ಲಿ ಮಗಳು ಅದನ್ನು ಕಂಡು, “ಅಪ್ಪಾ, ಇದು ಯಾರದು?” ಎಂದಳು. “ಹಿಂದೆ ನನ್ನದಾಗಿತ್ತು ಮಗಳೇ” ಎಂದೆ. ಆಡಿದ ಮೇಲೆ ಆ ಮಾತು ನನ್ನನ್ನೇ ಚುಚ್ಚಿತು. ಕಳ್ಳರು ಒಯ್ದಿರಲಿಲ್ಲ, ಯಾರಿಗೂ ಮಾರಿರಲಿಲ್ಲ. ನನ್ನದಲ್ಲದ್ದು ಯಾವಾಗ ಆಯಿತು? ವೇಳೆಯಿಲ್ಲ, ವಯಸ್ಸಾಯಿತು, ಲೋಕಲ್ ಗಾಡಿಯಲ್ಲಿ ನಿಂತು ನಿಂತು ಸಾಕಾಯಿತು ಎಂದು ನಾನೇ ಅದನ್ನು ಬಿಟ್ಟುಕೊಟ್ಟಿದ್ದೆ.

ಹೆಬ್ಬಾರರ ಇನ್ನೊಂದು ಸಂಗತಿ ಹೇಳಬೇಕು. ಲಯವೆಂದರೇನೆಂದು ತಿಳಿಯಲು ಅವರು ಪಂಡಿತ ಸುಂದರ ಪ್ರಸಾದರ ಬಳಿ ಕಥಕ್ ನೃತ್ಯ ಕಲಿತರು. ರಂಗವೇರಲೆಂದಲ್ಲ, ಕಾಲು ಕಂಡುಕೊಂಡ ತಾಳ ಕೈಗೆ ಇಳಿಯಲೆಂದು. ಅವರ ರೇಖಾಚಿತ್ರಗಳನ್ನು ನೋಡಿದವರಿಗೆ ಇದು ವ್ಯರ್ಥವಾಗಲಿಲ್ಲವೆಂದು ತಿಳಿಯುತ್ತದೆ. ನಾಲ್ಕಾರು ಗೆರೆಗಳಲ್ಲಿ ನರ್ತಕಿ ತಿರುಗುತ್ತಾಳೆ, ವಾದ್ಯಗಾರನ ತಲೆ ತೂಗುತ್ತದೆ. ಅವಕ್ಕೆ ‘ಹಾಡುವ ಗೆರೆಗಳು’ ಎಂಬ ಹೆಸರು ಬಂದದ್ದು ಸಹಜವೇ.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಅವರನ್ನು ಅರಸಿ ಬಂದವು. 1996ರಲ್ಲಿ ಮುಂಬಯಿಯಲ್ಲಿಯೇ ತೀರಿಕೊಂಡರು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಅವರು ಕೊಟ್ಟ ಕೃತಿಗಳಿವೆ. ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ಎಂಬುದು ನನ್ನ ವಿನಂತಿ.

ಪ್ರಶಸ್ತಿಗಳು ದೊಡ್ಡವರಿಗಿರಲಿ. ಬಂದ ವಿದ್ಯೆಯನ್ನು ಬದಿಗಿಟ್ಟು ಮತ್ತೆ ಕಲಿಯಲು ಕೂರುವ ಪ್ರೀತಿಯಿದೆಯಲ್ಲ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನನ್ನ ಪೆಟ್ಟಿಗೆಯ ಬಣ್ಣಗಳು ಒಣಗಿ ಕಲ್ಲಾಗಿದ್ದವು; ಹೊಸವನ್ನು ತಂದಿದ್ದೇನೆ. ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಒಂದೇ ಮೇಜಿಗೆ ಕೂರುತ್ತೇವೆ. ನನ್ನ ಆನೆಯನ್ನು ಅವಳು ಎಮ್ಮೆಯೆಂದು ತಿಳಿದಳು. ಆದರೂ ಮುಂದಿನ ಭಾನುವಾರ ಮತ್ತೆ ಆನೆಯನ್ನೇ ಬರೆಯುತ್ತೇನೆ.