ಮೊದಲ ಗೇಮಿಂಗ್ ಪಿಸಿ: ಗ್ರಾಫಿಕ್ಸ್ ಕಾರ್ಡ್ ಆಮೇಲೆ ನೋಡೋಣ

ನಮಗೆ ಬರೋ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತೆ. "ಅಣ್ಣಾ, 45 ಸಾವಿರ ಬಜೆಟ್, ಮಾನಿಟರ್ ಮನೇಲಿದೆ, ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ?" ಅದರ ಕೆಳಗೆ ಸಣ್ಣದಾಗಿ ಇನ್ನೊಂದು ಸಾಲು: "ಅಪ್ಪನ ಹತ್ರ ಓದೋಕೆ ಅಂತ ಹೇಳಿದೀನಿ." ನಗು ಬರುತ್ತೆ ನಿಜ. ಆದ್ರೆ ನನಗೆ ಈ ಎರಡನೇ ಸಾಲೇ ಮುಖ್ಯ. ಅದು ಮನೆಯಿಂದ ಒಂದೇ ಸಲ ಸಿಗೋ ದುಡ್ಡು. ಮೂರು ತಿಂಗಳಿಗೆ ಮಷೀನ್ ಕೆಟ್ಟು ಕೂತ್ರೆ, ಇನ್ನೊಂದು ಸಲ ಕೇಳೋಕೆ ಮುಖ ಇರಲ್ಲ.

ಹಾಗಾಗಿ ನಾನು ಗ್ರಾಫಿಕ್ಸ್ ಕಾರ್ಡ್‌ನಿಂದ ಶುರು ಮಾಡಲ್ಲ. ಕಾರ್ಡ್ ಆರು ತಿಂಗಳು ಬಿಟ್ಟು ಬಂದ್ರೂ ನಡೆಯುತ್ತೆ. ಅದು ಬಂದಾಗ ಕೂರೋಕೆ ಜಾಗ ಇರಬೇಕು, ಕುಡಿಯೋಕೆ ಕರೆಂಟ್ ಇರಬೇಕು.

ಪ್ರೊಸೆಸರ್ ವಿಚಾರಕ್ಕೆ ಬರೋಣ. ಎಎಂಡಿ ರೈಜನ್ 5 5600ಜಿ. 2021ರಲ್ಲಿ ಅಂಗಡಿಗೆ ಬಂದಿದ್ದು, 6 ಕೋರ್, 12 ಥ್ರೆಡ್. ಕೊನೆಯಲ್ಲಿರೋ 'ಜಿ' ಅಕ್ಷರ ಅಂದ್ರೆ ಗ್ರಾಫಿಕ್ಸ್ ಪ್ರೊಸೆಸರ್ ಒಳಗೇ ಇದೆ ಅಂತ. ವ್ಯಾಲೊರೆಂಟ್ ಇದರಲ್ಲಿ ಆರಾಮಾಗಿ ಓಡುತ್ತೆ, ಜಿಟಿಎ 5 ಸೆಟ್ಟಿಂಗ್ ಇಳಿಸಿದ್ರೆ ಆಡಬಹುದು. ಸೈಬರ್‌ಪಂಕ್ ಕನಸು ಸ್ವಲ್ಪ ದಿನ ಮಡಚಿ ಇಡಿ. ಇಂಟೆಲ್ ಕಡೆ ಹೋದ್ರೆ 'ಎಫ್' ಅಕ್ಷರ ನೋಡ್ಕೊಳ್ಳಿ. ಐ3-12100ಎಫ್ ಒಳ್ಳೇ ಪ್ರೊಸೆಸರೇ, ಆದ್ರೆ ಎಫ್ ಇದ್ರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಆಮೇಲೆ ಹಾಕ್ತೀನಿ ಅಂತ ಅದನ್ನ ತಂದ್ರೆ, ಕಾರ್ಡ್ ಬರೋವರೆಗೂ ಪರದೆ ಕಪ್ಪಗೇ ಇರುತ್ತೆ.

"ಅಣ್ಣಾ, ಎಎಂ4 ಹಳೇದಲ್ವಾ?" ಹಳೇದೇ. 2017ರಲ್ಲಿ ಮೊದಲ ರೈಜನ್ ಬಂದಾಗಲೇ ಇದ್ದ ಸಾಕೆಟ್. 2022ರಲ್ಲಿ ಬಂದ ಎಎಂ5ಗೆ ಮುಂದೆ ಹೊಸ ಪ್ರೊಸೆಸರ್‌ಗಳು ಬರ್ತವೆ, ನಿಜ. ಆದ್ರೆ ಎಎಂ5ಗೆ ಡಿಡಿಆರ್5 ರ‍್ಯಾಮೇ ಬೇಕು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಬಾಚಿಕೊಳ್ತಿರೋದ್ರಿಂದ 2025ರ ಕೊನೆಯಿಂದ ರ‍್ಯಾಮ್ ಬೆಲೆ ಹೇಗೆ ಏರಿದೆ ಅಂತ ನೀವೇ ನೋಡಿದೀರಿ. ಡಿಡಿಆರ್4 ಕೂಡ ಏರಿದೆ. ಆದ್ರೆ ಅಣ್ಣನ ಹಳೇ ಪಿಸಿಯಲ್ಲೋ, ಸೆಕೆಂಡ್ ಹ್ಯಾಂಡ್‌ನಲ್ಲೋ ಡಿಡಿಆರ್4 ಸ್ಟಿಕ್ ಸಿಗೋ ಸಾಧ್ಯತೆ ಜಾಸ್ತಿ. ಸೆಕೆಂಡ್ ಹ್ಯಾಂಡ್‌ನಲ್ಲಿ ನಾನು ಹೆಚ್ಚು ಹೆದರದೆ ತಗೊಳ್ಳೋ ಪಾರ್ಟ್ ಅಂದ್ರೆ ರ‍್ಯಾಮ್.

ರ‍್ಯಾಮ್ ತಗೊಂಡ್ರೆ 16 ಜಿಬಿಯ ಒಂದು ಸ್ಟಿಕ್ ಬೇಡ, 8ರ ಎರಡು ಇರಲಿ. 5600ಜಿಗೆ ತನ್ನದೇ ಗ್ರಾಫಿಕ್ಸ್ ಮೆಮೊರಿ ಇಲ್ಲ, ಈ ರ‍್ಯಾಮನ್ನೇ ಬಳಸುತ್ತೆ. ಒಂದು ಸ್ಟಿಕ್ ಅಂದ್ರೆ ಒಂದೇ ದಾರಿ, ಎರಡಿದ್ರೆ ಎರಡು ದಾರಿ. ಗೇಮ್‌ನಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಮದರ್‌ಬೋರ್ಡ್ ಬಿ550 ನೋಡಿ, ಬಾಕ್ಸ್ ಮೇಲಿನ ಫೋಟೋದಲ್ಲಿ ರ‍್ಯಾಮ್ ಸ್ಲಾಟ್ ನಾಲ್ಕಿದೆಯಾ ಎಣಿಸಿ. ಬಿ550 ಆದ್ರೂ ಎರಡೇ ಇರೋ ಬೋರ್ಡ್‌ಗಳಿವೆ. ಎಸ್‌ಎಸ್‌ಡಿ 500 ಜಿಬಿಯ ಎನ್‌ವಿಎಂಇ ಸಾಕು.

ಈಗ ಯಾರೂ ಕೇಳದ ಪಾರ್ಟ್, ಎಸ್‌ಎಂಪಿಎಸ್. ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ ಪೂರ್ತಿ ಪಿಸಿಗೆ ಕೊಟೇಶನ್ ಕೇಳಿ. ಪ್ರೊಸೆಸರ್ ಮಾಡೆಲ್, ರ‍್ಯಾಮ್, ಕಾರ್ಡ್, ಎಲ್ಲ ಬರೆದು ಕೊಡ್ತಾರೆ. ಕೊನೆಯಲ್ಲಿ "ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್" ಅಂತ ಒಂದೇ ಸಾಲು, ಕಂಪನಿ ಹೆಸರೇ ಇಲ್ಲ. ಕ್ಯಾಬಿನೆಟ್‌ಗೆ ಗಾಜು, ಬಣ್ಣದ ಫ್ಯಾನ್, ಜಾತ್ರೆ ಸೀರಿಯಲ್ ಸೆಟ್ ಥರ. ಒಳಗಿರೋ ಡಬ್ಬಿ ಮೇಲೆ ದೊಡ್ಡದಾಗಿ 450 ಅಂತ ಬರೆದಿರುತ್ತೆ. ಅದನ್ನ ನಂಬಬೇಡಿ. ಡಬ್ಬಿ ತಿರುಗಿಸಿ, ಪಕ್ಕದ ಪಟ್ಟಿಯಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪಿಯರ್ ಇದೆ ನೋಡಿ. 18 ಇದ್ರೆ 12ರಿಂದ ಗುಣಿಸಿ, 216 ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡೂ ಕರೆಂಟ್ ಎಳೆಯೋದು ಹೆಚ್ಚಾಗಿ ಈ 12 ವೋಲ್ಟ್‌ನಿಂದಲೇ. ಅಂದ್ರೆ ಅದರ ಮಟ್ಟಿಗೆ ನಿಮ್ಮ 450 ನಿಜವಾಗಿ 216. ಒಳ್ಳೆ 550 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಅದೇ ಜಾಗದಲ್ಲಿ 45ರ ಆಸುಪಾಸು ಇರುತ್ತೆ.

ಈ ಲೆಕ್ಕ ಯಾಕೆ ಅಂದ್ರೆ, ನಾಳೆ ನೀವು ಹಾಕೋದು ರೇಡಿಯಾನ್ ಆರ್‌ಎಕ್ಸ್ 6600 ಅಂತ ಇಟ್ಕೊಳ್ಳಿ. ಅದೊಂದೇ 132 ವ್ಯಾಟ್‌ನ ಕಾರ್ಡ್. ಎಎಂಡಿಯೇ ಅದಕ್ಕೆ 450 ವ್ಯಾಟ್ ಎಸ್‌ಎಂಪಿಎಸ್ ಇರಲಿ ಅನ್ನುತ್ತೆ, ನಿಜವಾದ 450. ಅಗ್ಗದ ಡಬ್ಬಿಯಲ್ಲಿ ಎಷ್ಟೋ ಸಲ ಕಾರ್ಡ್‌ಗೆ ಬೇಕಾದ 8 ಪಿನ್ ಕನೆಕ್ಟರೇ ಇರಲ್ಲ. ಆಗ ಅಂಗಡಿಯವರು ಒಂದು ಕನ್ವರ್ಟರ್ ಕೇಬಲ್ ಕೊಟ್ಟು "ಏನೂ ಆಗಲ್ಲ ಬಾಸ್" ಅಂತಾರೆ. ವೈರ್ ಬಿಸಿಯಾಗೋದು ಶುರುವಾಗೋದೇ ಅಲ್ಲಿಂದ. ಎಸ್‌ಎಂಪಿಎಸ್ ಒಂದೇ ಹೋದ್ರೆ ಪುಣ್ಯ, ಬೋರ್ಡ್, ಕಾರ್ಡನ್ನೂ ಜೊತೆಗೆ ಕರ್ಕೊಂಡು ಹೋಗಬಹುದು. ಇಲ್ಲಿ ಎರಡು-ಮೂರು ಸಾವಿರ ಜಾಸ್ತಿ ಹೋಗಲಿ. ಬಣ್ಣದ ಲೈಟ್‌ನಲ್ಲಿ ಉಳಿಸಿ. ಒಂದು ಮಾತು, ಬಾಕ್ಸ್ ಮೇಲಿನ '80 ಪ್ಲಸ್ ಬ್ರಾಂಜ್' ಮುದ್ರೆ ಹೇಳೋದು ಎಷ್ಟು ಕರೆಂಟ್ ವೇಸ್ಟ್ ಆಗಲ್ಲ ಅಂತ ಮಾತ್ರ, ಗಟ್ಟಿತನದ ಗ್ಯಾರಂಟಿ ಅಲ್ಲ. ವಾರಂಟಿ ಎಷ್ಟು ವರ್ಷ ಅಂತ ಬೇರೆಯಾಗಿ ಕೇಳಿ.

ಇನ್ನು ಆನ್‌ಲೈನ್‌ನಲ್ಲಿ ಕಾಣೋ ಅಗ್ಗದ "ಐ7 ಗೇಮಿಂಗ್ ಪಿಸಿ, 4 ಜಿಬಿ ಗ್ರಾಫಿಕ್ಸ್". ಯಾವ ಐ7? ಜನರೇಶನ್ ಕೇಳಿ. ಎಷ್ಟೋ ಸಲ ಅದು 2011-12ರ ಎರಡನೇ, ಮೂರನೇ ಜನರೇಶನ್. ವಿಂಡೋಸ್ 11ಗೆ ಇಂಟೆಲ್ ಆದ್ರೆ ಸಾಮಾನ್ಯವಾಗಿ 8ನೇ ಜನರೇಶನ್‌ನಿಂದ ಮೇಲಿರಬೇಕು, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವ್ಯಾಲೊರೆಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಎರಡೂ ಕೇಳುತ್ತೆ. ಆ 4 ಜಿಬಿ ಕಾರ್ಡ್ ಜಿಟಿ 730 ಆಗಿದ್ರೆ, 5600ಜಿ ಒಳಗಿರೋ ಗ್ರಾಫಿಕ್ಸೇ ಅದಕ್ಕಿಂತ ಜೋರು. ಜಿಬಿ ಅನ್ನೋದು ತಟ್ಟೆಯ ಅಳತೆ, ಊಟದ್ದಲ್ಲ.

ಆರು ತಿಂಗಳಾದ ಮೇಲೆ ಕಾರ್ಡ್ ಹುಡುಕುವಾಗ ಎರಡು ಹೆಸರು ನೆನಪಿರಲಿ. ಆರ್‌ಎಕ್ಸ್ 580ರಲ್ಲಿ "2048ಎಸ್‌ಪಿ" ಅಂತಿದ್ರೆ ಅದು ಒಳಗಡೆ ಆರ್‌ಎಕ್ಸ್ 570. ನಿಜವಾದ 580ಯಲ್ಲಿ 2304 ಇರುತ್ತೆ. ಮೈನಿಂಗ್‌ನಲ್ಲಿ ಹಗಲು ರಾತ್ರಿ ದುಡಿದು, 2022ರ ಸೆಪ್ಟೆಂಬರ್‌ನಲ್ಲಿ ಈಥೀರಿಯಂ ಮೈನಿಂಗ್ ನಿಂತ ಮೇಲೆ ಮಾರ್ಕೆಟ್‌ಗೆ ಬಂದ ಕಾರ್ಡ್‌ಗಳೂ ಇವೆ. ಕಣ್ಣೆದುರೇ ಅರ್ಧ ಗಂಟೆ ಗೇಮ್ ಓಡಿಸಿ ತೋರಿಸದೆ ದುಡ್ಡು ಕೊಡಬೇಡಿ. ಎರಡನೇದು ಆರ್‌ಎಕ್ಸ್ 6500 ಎಕ್ಸ್‌ಟಿ. ಅದು ಬರೀ ನಾಲ್ಕು ಪಿಸಿಐಇ ಲೇನ್ ಬಳಸೋ ಕಾರ್ಡ್, 5600ಜಿ ಕೊಡೋದು ಹಳೇ 3.0 ವೇಗ. ಇಬ್ಬರಿಗೂ ಜೋಡಿ ಆಗಿಬರಲ್ಲ. 6600 ಎಂಟು ಲೇನ್ ಬಳಸುತ್ತೆ, ತೊಂದರೆಯಿಲ್ಲ.

ಬಿಲ್ ಇಲ್ಲದೆ 18 ಪರ್ಸೆಂಟ್ ಜಿಎಸ್‌ಟಿ ಉಳಿಸ್ಕೊಡ್ತೀವಿ ಅಂದ್ರೆ ಕೈ ಮುಗಿದು ಬನ್ನಿ, ವಾರಂಟಿ ಕೇಳುವಾಗ ಬೇಕಾಗೋದು ಅದೇ ಬಿಲ್. ಮನೆಗೆ ತಂದು ಜೋಡಿಸಿದ ಮೇಲೆ ಕ್ಯಾಬಿನೆಟ್ ಮುಟ್ಟಿದ್ರೆ ಕೈ ಜುಮ್ ಅಂದ್ರೆ, ಅಂಗಡಿಯವರ ಜೊತೆ ಜಗಳಕ್ಕೆ ಹೋಗೋ ಮುಂಚೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಹೆಚ್ಚಾಗಿ ಆ ಪ್ಲಗ್ ಪಾಯಿಂಟ್‌ಗೆ ಅರ್ಥಿಂಗ್ ಇರಲ್ಲ. ಅದಾಗೋವರೆಗೂ ಪಿಸಿ ಆನ್ ಮಾಡಬೇಡಿ, ಅಪ್ಪನ ಎದುರಂತೂ ಬೇಡವೇ ಬೇಡ.

ಮುಂದಿನ ವಾರ ಮಾನಿಟರ್. 60 ಹರ್ಟ್ಸ್ ಸಾಕಾ, 144 ಬೇಕಾ ಅಂತ ಮಾತಾಡೋಣ.